ಬೆನ್ನ ಮೇಲೆ ಎಷ್ಟು ಬೆರಳು

ಮಲಪ್ರಭೆಯ ದಂಡೆಯ ಯೋಗಾಶ್ರಮಕ್ಕೆ ಕಲ್ಮೇಶ ಬಂದು ಐದು ತಿಂಗಳಾಗಿತ್ತು. ಒಂದು ದಿನವೂ ಅವನು ಗುರುಗಳ ಪಾದ ಮುಟ್ಟಿರಲಿಲ್ಲ. ಬಾಗಿದರೆ ಎಲ್ಲಿ ಬೆನ್ನು ಮುರಿದುಬಿಡುತ್ತದೋ ಎಂದು ದೂರದಿಂದಲೇ ಕೈ ಮುಗಿಯುತ್ತಿದ್ದ.

ಅವನ ಅಪ್ಪನಿಗೆ ನಲವತ್ತನೆಯ ವಯಸ್ಸಿನಲ್ಲಿ ಬೆನ್ನು ಕೈಕೊಟ್ಟಿತ್ತು. ಹಾಸಿಗೆ ಹಿಡಿದವನು ಮತ್ತೆ ಏಳಲಿಲ್ಲ. ಕಲ್ಮೇಶನಿಗೆ ಬರುವ ತಿಂಗಳು ನಲವತ್ತು ತುಂಬುವುದಿತ್ತು.

ಪಾಪ, ಕೂತರೂ ನಿಂತರೂ ಬೆನ್ನಿನದೇ ಚಿಂತೆ. ಬಿದ್ದ ಟವೆಲನ್ನು ಕಾಲ್ಬೆರಳಿನಿಂದ ಎತ್ತಿಕೊಳ್ಳುತ್ತಿದ್ದ. ಉಳಿದವರು ಆಸನ ಹಾಕುವಾಗ ಸೆಟೆದು ನಿಂತು ನೋಡುತ್ತಿದ್ದ.

ಒಂದು ಮುಂಜಾನೆ ಗಂಟುಮೂಟೆ ಕಟ್ಟಿಕೊಂಡು ಗುರು ಅಡವಯ್ಯನವರ ಮುಂದೆ ಬಂದು ನಿಂತ.

"ಹೊಂಟೀನ್ರಿ ಅಜ್ಜಾರ. ನನ್ನ ಬೆನ್ನಿನ ಕಥಿ ಮುಗೀತು. ಮನೀಗೆ ಹೋಗಿ ಮಲಕ್ಕೋತೀನಿ."

"ಎಲ್ಲಿ ನೋವೈತಿ?"

"ಎಲ್ಲಾ ಕಡೆ. ಇಡೀ ಬೆನ್ನು ನೋವ್ರಿ."

"ಅಂಗಿ ತಗದು ಆ ಕಡೆ ತಿರುಗು."

ಅಡವಯ್ಯನವರು ಅವನ ಬೆನ್ನಿಗೆ ಬೆರಳೂರಿದರು. "ಎಷ್ಟು ಬೆರಳದಾವು?"

"ಒಂದು."

ಅಂಗಳ ಗುಡಿಸುತ್ತಿದ್ದ ಗಂಗವ್ವನನ್ನು ಗುರುಗಳು ಕರೆದರು. "ಎಷ್ಟದಾವು ಹೇಳವಾ."

"ಮೂರ್ರಿ" ಎಂದಳು ಗಂಗವ್ವ.

ಕಲ್ಮೇಶ ಗಾಬರಿಯಿಂದ ಈ ಕಡೆ ತಿರುಗಿದ. "ಬೆನ್ನು ಸತ್ತೇ ಹೋಗೇತೇನ್ರಿ?"

"ಸತ್ತಿಲ್ಲ. ನಿನಗ ಅದರ ಗುರುತಿಲ್ಲ, ಅಷ್ಟ. ಗಂಟು ಒಳಗಿಡು. ನಾಳೆ ಬಾ."

ಮರುದಿನದಿಂದ ಅದೇ ಪಾಠ. ಬೋರಲು ಮಲಗಬೇಕು, ನಿಧಾನ ಉಸಿರಾಡಬೇಕು, ಬೆರಳು ಎಷ್ಟು, ಎಲ್ಲಿ ಎಂದು ಹೇಳಬೇಕು. ತಪ್ಪಿದಾಗಲೆಲ್ಲ ಗುರುಗಳು ಮತ್ತೆ ಬೆರಳೂರುತ್ತಿದ್ದರು. ಹತ್ತು ದಿನಕ್ಕೆ ಒಂದೆರಡು ಸರಿ ಬಂದವು. ಆಮೇಲೆ ಗುರುಗಳು ಕೈ, ಮೊಣಕಾಲು ಊರಿಸಿ, ಉಸಿರಿನ ಜೊತೆಗೆ ಬೆನ್ನನ್ನು ಮೇಲೆ ಕೆಳಗೆ ಆಡಿಸಲು ಹೇಳಿಕೊಟ್ಟರು. ಕಣ್ಣು ಮುಚ್ಚಿ, ಹಲ್ಲು ಕಚ್ಚಿಕೊಂಡೇ ಮಾಡಿದ.

ನಲವತ್ತು ತುಂಬಿದ ದಿನ ಕಲ್ಮೇಶ ಚಾಪೆಯಿಂದ ಏಳಲಿಲ್ಲ. ಅಡವಯ್ಯನವರೇ ಅವನ ಕೋಣೆಗೆ ಬಂದರು.

"ಇವತ್ತು ಬ್ಯಾಡ್ರಿ ಅಜ್ಜಾರ" ಎಂದ. "ಅಪ್ಪ ಮಲಗಿದ್ದೂ ಇದ ವಯಸ್ಸಿನ್ಯಾಗ."

ಗುರುಗಳು ಪಕ್ಕದಲ್ಲಿ ಕೂತು ಬೆನ್ನಿಗೆ ಬೆರಳೂರಿದರು. "ಎಷ್ಟು?"

"ಎರಡು. ಒಂದು ಎಲುಬಿನ ಮ್ಯಾಲೆ, ಒಂದು ಎಡಕ್ಕ."

"ಹೌದು. ಈಗ ನೋವು ಎಲ್ಲೈತಿ, ಹುಡುಕು."

ಕಲ್ಮೇಶ ಉಸಿರೆಳೆದುಕೊಂಡು ಕುತ್ತಿಗೆಯಿಂದ ಹುಡುಕುತ್ತಾ ಇಳಿದ. ಹೆಗಲು, ಪಕ್ಕೆಗಳ ನಡುವೆ, ಸೊಂಟ. ಬಹಳ ಹೊತ್ತು ಹಿಡಿಯಿತು. ಸಿಕ್ಕೇ ಸಿಗುತ್ತದೆಂದು ಹೆದರಿ ಹೆದರಿ ಹುಡುಕಿದ.

"ಇಲ್ಲೈತ್ರಿ. ಸೊಂಟದ ಬಲಕ್ಕ."

"ಎಷ್ಟು ದೊಡ್ಡದೈತಿ?"

"ಹುಣಸೀಬೀಜದಷ್ಟು."

"ಉಳಿದ ಬೆನ್ನು?"

ಕಲ್ಮೇಶ ಮತ್ತೊಮ್ಮೆ ಹುಡುಕಿದ. ಅವನಿಗೇ ನಂಬಿಕೆ ಬರಲಿಲ್ಲ.

"ಉಳಿದದ್ದು ಸುಮ್ಮನ ಐತ್ರಿ. ಅದಕ್ಕೇನೂ ಆಗಿಲ್ಲ."

ಅಡವಯ್ಯನವರು ಕೈ ತೆಗೆದರು.

"ಹಂಗಾರ ಇಷ್ಟು ದಿನ ನೀ ಹೊತ್ತು ತಿರುಗಿದ್ದು ಯಾರ ಬೆನ್ನೋ, ತಮ್ಮಾ?"