ಹಗ್ಗ ಹಿಡಿದ ಪಚ್ಚಿಲೆ

"ಗುರುಗಳೇ, ನಿಮ್ಮ ಪಕ್ಕದಲ್ಲಿರುವಾಗ ನನ್ನ ಮನಸ್ಸು ಗಟ್ಟಿಯಾಗಿರುತ್ತದೆ. ದೂರ ಹೋದರೆ ನಿಂತೀತೇ?" ಎಂದು ಪದ್ಮಯ್ಯ ಕೇಳಿದ.

ಹೊಳೆಯಾಚೆಯ ಊರಿನಲ್ಲಿ ಪಾಠಶಾಲೆ ನಡೆಸು ಎಂದು ಗುರುಗಳು ಅವನಿಗೆ ಹೇಳಿ ಮೂರು ವರ್ಷವಾಗಿತ್ತು. ಪ್ರತಿ ಸಲವೂ ಅವನು ಇನ್ನೊಂದು ವರ್ಷ ಬೇಡುತ್ತಿದ್ದ, ಗುರುಗಳೂ ಒಪ್ಪುತ್ತಿದ್ದರು. ಈ ಸಲ ಗುರುಗಳು ಉತ್ತರವಾಗಿ ಒಂದು ಕತೆ ಹೇಳಿದರು.

ಕಡಲತಡಿಯಲ್ಲಿ ಮಾಸ್ತಮ್ಮ ಎಂಬ ಹೆಂಗಸಿದ್ದಳು. ಬಂಡೆಗಳಿಂದ ಪಚ್ಚಿಲೆ ಕಿತ್ತು ಮಾರಿ ಇಬ್ಬರು ಹೆಣ್ಣುಮಕ್ಕಳನ್ನು ಸಾಕುತ್ತಿದ್ದಳು. ಪಚ್ಚಿಲೆ ಎಂದರೆ ಹಸಿರು ಚಿಪ್ಪಿನ ಜೀವ. ಹುಟ್ಟಿದ ಮೇಲೆ ಕೆಲವು ವಾರ ನೀರು ಒಯ್ದತ್ತ ತೇಲುತ್ತದೆ. ಆಮೇಲೆ ತೆರೆ ಬಡಿಯುವ ಬಂಡೆಯನ್ನು ಸೇರಿ, ಮೈಯಿಂದ ನೂಲು ಬಿಟ್ಟು ಕಚ್ಚಿಕೊಳ್ಳುತ್ತದೆ. ನೀರು ಏರಿದಾಗ ಚಿಪ್ಪು ತೆರೆದು ಆ ನೀರನ್ನೇ ಸೋಸಿ ತಿನ್ನುತ್ತದೆ. ಇಳಿದಾಗ ಬಾಯಿ ಮುಚ್ಚಿ ಕಾಯುತ್ತದೆ. ಕೆಸರಿನಲ್ಲಿ ಹೂತುಹೋದರೆ ಉಸಿರುಕಟ್ಟಿ ಸಾಯುತ್ತದೆ.

ಒಂದು ವರ್ಷ ದೋಣಿಗಳು ನಿಲ್ಲುವ ದಕ್ಕೆ ಕಟ್ಟುವವರು ಆ ಬಂಡೆಸಾಲನ್ನು ಒಡೆದು ಸಾಗಿಸಿದರು. ಬೇರೆ ಹೆಂಗಸರು ಕತ್ತಿ, ಬುಟ್ಟಿ ಕೆಳಗಿಟ್ಟು ಕೂಲಿಗೆ ಹೋದರು. ಮಾಸ್ತಮ್ಮ ಹೋಗಲಿಲ್ಲ. ಬಂಡೆ ಇಲ್ಲದಿದ್ದರೆ ಹಗ್ಗದ ಮೇಲೆ ಬೆಳೆಸುತ್ತೇನೆ ಎಂದು ಹೊರಟಳು.

ಮಳೆಗಾಲ ಮುಗಿದ ಮೇಲೆ ದೂರದ ನಡುಗಡ್ಡೆಗೆ ಹೋಗಿ ಉಗುರಿನಷ್ಟು ಗಾತ್ರದ ಮರಿಗಳನ್ನು ತಂದಳು. ತೆಂಗಿನ ನಾರಿನ ಹಗ್ಗದ ಸುತ್ತ ಅವನ್ನಿಟ್ಟು, ಒಂದೂ ಜಾರಬಾರದೆಂದು ಎರಡು ಸುತ್ತು ನೈಲಾನ್ ಬಲೆ ಬಿಗಿದು ಹೊಲಿದಳು. ಹೊಳೆ ಕಡಲನ್ನು ಸೇರುವ ಅಳಿವೆಯಲ್ಲಿ ಕಂಬ ನೆಟ್ಟು ಹಗ್ಗಗಳನ್ನು ಉಪ್ಪುನೀರಿಗೆ ಇಳಿಬಿಟ್ಟಳು. ಮೂರು ತಿಂಗಳು ಎಲ್ಲ ಚೆನ್ನಾಗಿತ್ತು. ನಾಲ್ಕನೆಯ ತಿಂಗಳು ಮರಿಗಳು ಬಲಿತು ಭಾರವಾದವು. ಬಲೆ ಹಗ್ಗದಿಂದ ಕಳಚಿ ಜಾರಿತು. ಇಡೀ ಬೆಳೆ ಕೆಸರು ಸೇರಿತು.

ಮಾಸ್ತಮ್ಮ ನೀರಿಗಿಳಿದು ತಡಕಿ ಬಲೆಯನ್ನು ಎಳೆದು ತಂದಳು. ಬಿಡಿಸಿ ನೋಡಿದಳು. ಹಗ್ಗದ ಮೇಲೆ ಒಂದು ನೂಲೂ ಇರಲಿಲ್ಲ. ಮರಿಗಳೆಲ್ಲ ಬಲೆಯನ್ನೇ ಹಿಡಿದಿದ್ದವು. ಅವಳು ದಡದಲ್ಲಿ ಕುಳಿತು ಅತ್ತಳು. ಹೊತ್ತು ಇಳಿಯುವ ಮೊದಲು ಎದ್ದು ಹಗ್ಗಗಳನ್ನು ತೊಳೆದು ಒಣಗಹಾಕಿದಳು.

ಆ ಬೇಸಿಗೆಯಲ್ಲಿ ಗೋಣಿ, ಪಂಚೆ, ಸೀರೆಯ ತುಂಡುಗಳನ್ನು ಉಪ್ಪುನೀರಿನಲ್ಲಿ ಕಟ್ಟಿಟ್ಟು, ಯಾವುದು ಎಷ್ಟು ದಿನ ತಡೆಯುತ್ತದೆಂದು ನೋಡಿದಳು. ತೆಳ್ಳಗಿನ ಹತ್ತಿ ಬಟ್ಟೆ ಅರ್ಧ ತಿಂಗಳಲ್ಲಿ ಕೊಳೆತು ಹೋಗುತ್ತಿತ್ತು. ಮರಿಗಳು ಹಗ್ಗ ಹಿಡಿಯುವವರೆಗೆ ಮಾತ್ರ ಇದ್ದು ಕಳಚಿಹೋಗುವ ಅಂಥ ಹೊದಿಕೆಯೇ ಅವಳಿಗೆ ಬೇಕಾಗಿತ್ತು. ಮಳೆಗಾಲ ಕಳೆದು ಮತ್ತೆ ಮರಿ ತಂದಾಗ, ತೀರಿಹೋದ ತಾಯಿಯ ನೂಲಿನ ಸೀರೆಯನ್ನು ಪೆಟ್ಟಿಗೆಯಿಂದ ತೆಗೆದಳು. ಅಷ್ಟು ತೆಳ್ಳಗಿನ ಬಟ್ಟೆ ಮನೆಯಲ್ಲಿ ಬೇರೆ ಇರಲಿಲ್ಲ. ಕಣ್ಣಿಗೊತ್ತಿಕೊಂಡು, ಪಟ್ಟಿಪಟ್ಟಿಯಾಗಿ ಹರಿದು ಮರಿಗಳಿಗೆ ಸುತ್ತಿದಳು.

ಹಗ್ಗಗಳನ್ನು ನೀರಿಗಿಳಿಸಿದ ಹದಿನೈದನೆಯ ದಿನ ದೋಣಿ ನಡೆಸುವ ಸಣ್ತಮ್ಮ ಓಡಿಬಂದ.

"ಮಾಸ್ತಕ್ಕಾ, ಬಟ್ಟೆಯೆಲ್ಲ ಚಿಂದಿಯಾಗಿ ತೇಲುತ್ತಿದೆ. ಕಡಲೂ ಏಳುವ ಹಾಗೆ ಕಾಣುತ್ತದೆ. ನನ್ನ ಬಲೆ ತಂದಿದ್ದೇನೆ, ಈಗಲೇ ಸುತ್ತಿಬಿಡು."

ಮಾಸ್ತಮ್ಮ ಬಲೆಯನ್ನು ಕೈಗೆ ತೆಗೆದುಕೊಂಡಳು. ಅಳಿವೆಯ ಕಡೆ ನೋಡಿ, ಅದನ್ನು ಹಿಂದಕ್ಕೆ ಕೊಟ್ಟಳು.

"ಬೇಡ ತಮ್ಮಾ. ಸುತ್ತಿದರೆ ಅವು ಮತ್ತೆ ಬಲೆಯನ್ನೇ ಹಿಡಿಯುತ್ತವೆ."

"ಎಲ್ಲ ಕೊಚ್ಚಿಕೊಂಡು ಹೋದರೆ?"

"ಮತ್ತೆ ಮರಿ ತರುತ್ತೇನೆ."

ಮೂರು ದಿನ ಕಡಲು ಅಬ್ಬರಿಸಿತು. ಅಳಿವೆಯೊಳಗೂ ತೆರೆ ನುಗ್ಗಿ ಎರಡು ಕಂಬ ಮುರಿದವು. ಮಾಸ್ತಮ್ಮ ದಡ ಬಿಟ್ಟು ಕದಲಲಿಲ್ಲ. ಮಕ್ಕಳು ಅಲ್ಲಿಗೇ ಗಂಜಿ ತಂದುಕೊಟ್ಟರು. ನಾಲ್ಕನೆಯ ಬೆಳಗ್ಗೆ ಅವಳು ನೀರಿಗಿಳಿದು ಹಗ್ಗ ಎತ್ತಿದಳು. ಸೀರೆಯ ಒಂದು ಎಳೆಯೂ ಉಳಿದಿರಲಿಲ್ಲ. ಮರಿಗಳು ಉಳಿದಿದ್ದವು. ಒಂದನ್ನು ಹಿಡಿದೆಳೆದಳು, ಬರಲಿಲ್ಲ. ಬಲವಾಗಿ ಎಳೆದಳು. ಬೆರಳು ಕುಯ್ದು ರಕ್ತ ಬಂತು, ಮರಿ ಬರಲಿಲ್ಲ. ಅದರ ನೂಲು ನಾರಿನೊಳಗೆ ಇಳಿದಿತ್ತು. ಮಾಸ್ತಮ್ಮ ಎದೆಮಟ್ಟದ ನೀರಿನಲ್ಲಿ ನಿಂತು ಒಬ್ಬಳೇ ನಕ್ಕಳು.

ಮಳೆ ಬರುವ ಮೊದಲು ಆ ಹಗ್ಗಗಳನ್ನು ಎತ್ತಲು ನಾಲ್ಕು ಜನ ಬೇಕಾಯಿತು. ಮುಂದಿನ ವರ್ಷ ಕೂಲಿಗೆ ಹೋಗಿದ್ದ ಏಳು ಹೆಂಗಸರು ಅಳಿವೆಗೆ ಬಂದು ಕಂಬ ನೆಟ್ಟರು.

ಗುರುಗಳು ಕತೆ ನಿಲ್ಲಿಸಿದರು. ಪದ್ಮಯ್ಯ ಯೋಚಿಸಿ, "ಹಾಗಾದರೆ ಮೊದಲ ವರ್ಷ ತಪ್ಪಿದ್ದು ಮರಿಗಳಲ್ಲ, ಅವನ್ನು ಬಿಗಿದು ಕಟ್ಟಿದವಳು" ಎಂದ.

"ಹೌದು, ನಿನ್ನ ವಿಷಯದಲ್ಲಿ ಆ ತಪ್ಪು ನನ್ನದು, ನಾಳೆ ಹೊರಡು" ಎಂದರು ಗುರುಗಳು.