ಸಾಂಬ್ರಾಣಿಯ ಹುಳಿ

"ಕೇಳಿರಯ್ಯ ಕೇಳಿ! ಅರಸುಮಗಳು ಕಂಚಲದೇವಿ ಮೂರು ಒಗಟು ಹಾಕುತ್ತಾಳೆ. ಬಿಡಿಸಿದವನಿಗೆ ದೊರೆ ಬೊಪ್ಪರಸರು ಮಗಳನ್ನು ಧಾರೆಯೆರೆದು ಅರ್ಧ ಸೀಮೆ ಕೊಡುತ್ತಾರೆ. ಸೋತವನ ತಲೆ ಹುಣ್ಣಿಮೆಗೆ ಉರುಳುತ್ತದೆ!"

ಹೀಗೆಂದು ಡಂಗುರ ಹೊಡೆಸಿದರು. ಒಗಟು ಮಗಳದು, ತಲೆಯ ಮಾತು ದೊರೆಯದು. ತಾಯಿಯಿಲ್ಲದ ಕಂಚಲೆ ಅರಮನೆ ವೈದ್ಯನ ಔಷಧಿ ಮನೆಯಲ್ಲೇ ಬೆಳೆದವಳು. ಕೈಕೆಲಸ ಬಲ್ಲವನೇ ತನಗೆ ಗಂಡನಾಗಲಿ ಎಂದು ಅವಳ ಹಟ.

ಬಂದವರ ಮುಂದೆ ಅವಳು ಸಾಂಬ್ರಾಣಿ ಕುದಿಸಿ ಆರಿಸಿದ ಹುಳಿ ನೀರನ್ನಿಟ್ಟು ಕೇಳುತ್ತಿದ್ದಳು: "ಒಂದೇ ಮನೆಯಲ್ಲಿ ಇಬ್ಬರು ಓರಗಿತ್ತಿಯರು. ಎಷ್ಟು ಕೂಡಿಸಿದರೂ ಒಬ್ಬಳು ಮೇಲೆ, ಒಬ್ಬಳು ಕೆಳಗೆ. ಕೆಳಗಿನವಳು ಸಾಕಿದ ಹುಳಿಯ ಕೂಸು ಮೇಲಿನವಳ ಮಡಿಲಿಗೆ ಹಾರುತ್ತದೆ. ಯಾರವರು? ಮಾಡಿ ತೋರಿಸಬೇಕು."

ಸೆಟ್ಟಿಯ ಮಗ ನೀರನ್ನು ಒಲೆಗಿಟ್ಟು ಇಂಗಿಸಿದ. ಮಂತ್ರಿಯ ಸೋದರಳಿಯ ಒಂಬತ್ತು ಮಡಿಕೆಯ ಬಟ್ಟೆಯಲ್ಲಿ ಸೋಸಿದ. ಇಬ್ಬರೂ ಸೆರೆಮನೆ ಸೇರಿದರು. ಮೂರನೆಯವನು ಮಡಿವಾಳರ ಮುದ್ದ. ಮೇಲಿನವಳು ಎಣ್ಣೆ, ಕೆಳಗಿನವಳು ನೀರು ಎಂದು ಸರಿಯಾಗಿಯೇ ಹೇಳಿದ, ಎಣ್ಣೆ ಸುರಿದ. ಆದರೆ ಕಲ್ಲಿಗೆ ಬಟ್ಟೆ ಒಗೆಯುವ ರಟ್ಟೆಯಲ್ಲವೇ, ಗಡಿಗೆಯನ್ನು ಹಾಗೇ ಕುಲುಕಿದ. ಎಣ್ಣೆ ನೀರು ಎರಡೂ ಕಡೆದ ಮಜ್ಜಿಗೆಯಂತಾಗಿ ಸಂಜೆವರೆಗೂ ಬೇರೆಯಾಗಲಿಲ್ಲ. ಅವನೂ ಒಳಗಾದ.

ಹುಣ್ಣಿಮೆಯ ಹಿಂದಿನ ದಿನ ಮುದ್ದನ ತಮ್ಮ ಸಿಂಗ ಸೆರೆಮನೆಗೆ ಬಂದ. ನಾಲ್ಕು ಜನರೆದುರು ಬಾಯಿ ಬಿಡದ ಹುಡುಗ. ಅಣ್ಣನಿಲ್ಲದ ಮನೆಗೆ ಮರಳುವ ಧೈರ್ಯ ಅವನಿಗಿರಲಿಲ್ಲ; ತಾನೂ ಒಗಟಿಗೆ ಕೂರುತ್ತೇನೆ ಎಂದ.

"ಬಟ್ಟೆ ಬಡಿದಂಗೆ ಗಡಿಗೇನ ಬಡಿದುಬಿಟ್ಟೆ ಕಣ್ಲಾ," ಅಂದ ಮುದ್ದ. "ನೀನು ಬಡೀಬ್ಯಾಡ."

ಸಿಂಗ ಸಭೆಗೆ ಹೋಗಿ ಎಳ್ಳೆಣ್ಣೆ ಬೇಡಿದ. ಗಡಿಗೆಯನ್ನು ತೊಟ್ಟಿಲಿನಂತೆ ಮೆಲ್ಲಗೆ ತೂಗಿ ಇಳಿಸಿಟ್ಟ. ಸ್ವಲ್ಪ ಹೊತ್ತಿಗೆ ಎಣ್ಣೆ ಮೇಲೆ ನಿಂತಿತು. ಕಂಚಲೆ ಕೆಳಗಿನ ನೀರನ್ನು ನಾಲಿಗೆಗಿಟ್ಟಳು. ಹುಳಿ ಬಹಳ ತಗ್ಗಿತ್ತು. ಮರದ ಅಂಟಿನ ಕಲೆ ನೀರಿಗೆ ಜಗ್ಗುವುದಿಲ್ಲ, ಎಣ್ಣೆ ಸವರಿದರೆ ಬಿಡುತ್ತದೆ. ಸಾಂಬ್ರಾಣಿಯೂ ಮರದ ಅಂಟೇ ತಾನೆ ಎಂದು ಸಿಂಗ ತಲೆ ಬಗ್ಗಿಸಿಯೇ ಹೇಳಿದ.

"ಒಬ್ಬ ದಾಂಡಿಗ ಹೋಗಿ ಅರೆಹೊರೆ ತಂದ," ಎಂದು ಎರಡನೆಯ ಒಗಟು ಹಾಕಿದಳು ಕಂಚಲೆ. "ಅವನನ್ನೇ ಸೀಳಿ ಕಳಿಸಿದರೆ ಹೊರೆಯೆಲ್ಲ ಬಂತು. ಅವನ ತೂಕ ಎಳ್ಳಷ್ಟೂ ಹೆಚ್ಚಲಿಲ್ಲ. ಹೇಗೆ?"

ದಾಂಡಿಗನೆಂದರೆ ಎಣ್ಣೆ ಎಂದು ಸಿಂಗ ಹೊಸ ಗಡಿಗೆಯ ಸಾಂಬ್ರಾಣಿ ನೀರಿಗೆ ಮೊದಲಿನಷ್ಟೇ ಎಣ್ಣೆ ತೆಗೆದುಕೊಂಡು ಮೂರು ಪಾಲು ಮಾಡಿದ. ಒಂದು ಪಾಲು ಹಾಕಿ ತೂಗಿ, ಸೌಟಿನಿಂದ ತೆಗೆದು, ಮುಂದಿನದು ಹಾಕಿದ. ಮೂರನೆಯದಕ್ಕೆ ನೀರು ಸಪ್ಪೆಯಾಯಿತು.

"ಒಂದು ಕೊಡ ನೀರಲ್ಲಿ ಒಂದೇ ಸಲ ಜಾಲಿಸಿದ್ರೆ ಬಟ್ಟೇಲಿ ಒಗೆದ ಚೌಳುಮಣ್ಣು ಉಳೀತದೆ ತಾಯಿ. ಅದೇ ಕೊಡಾನ ಮೂರು ಪಾಲು ಮಾಡಿ ಮೂರು ಸಲ ಜಾಲಿಸಿದ್ರೆ ಉಳಿಯಾಕಿಲ್ಲ."

ಕಂಚಲೆಗೆ ನಗು ಬಂತು, ಅಡಗಿಸಿಕೊಂಡಳು. "ಕೂಸು ಈಗ ಮೇಲಿನವಳ ಮಡಿಲಲ್ಲಿದೆ. ಸತ್ತ ಒಲೆಯ ಅಜ್ಜ ಕರೆದರೆ ಮುಸುಕು ಹಾಕಿಕೊಂಡು ಕೆಳಗಿಳಿಯುತ್ತದೆ. ತೋಟದ ಮಾವ ಗದರಿದರೆ ಮುಸುಕು ತೆಗೆದು ಬೆಳ್ಳಗೆ ನಿಲ್ಲುತ್ತದೆ. ಯಾರವರು?"

ಸಿಂಗನಿಗೆ ಏನೂ ಹೊಳೆಯಲಿಲ್ಲ. ಅಣ್ಣನೂ ತಾನೂ ಒಂದೇ ದಿನ ಹೋಗುತ್ತೇವೆ ಎಂದುಕೊಂಡ. ಕಣ್ಣು ಒರೆಸಿಕೊಳ್ಳಲು ಕೈಯೆತ್ತಿದರೆ ಬೂದಿನೀರಿಗೆ ಬಿರಿದ ಬೆರಳುಗಳು ಕಂಡವು. ದಿನಾ ಅವನು ಬೂದಿನೀರಿನಲ್ಲಿ ಎಣ್ಣೆಜಿಡ್ಡು ಬಿಡಿಸುತ್ತಿದ್ದ, ಕೊನೆಗೆ ನಿಂಬೆ ಹಿಂಡುತ್ತಿದ್ದ.

ಅಜ್ಜ ಬೂದಿ, ಮಾವ ನಿಂಬೆ ಎಂದು, ತೆಗೆದಿಟ್ಟ ಎಣ್ಣೆಗೆ ತಿಳಿ ಬೂದಿನೀರು ಹೊಯ್ದು ತೂಗಿದ. ಕೆಳಗೆ ನಿಂತ ನೀರನ್ನು ಬಸಿದು ನಿಂಬೆರಸ ಬಿಟ್ಟ. ತಿಳಿನೀರು ಮಸುಕಾಗಿ, ತಳದಲ್ಲಿ ಬಿಳಿ ಪುಡಿ ಕೂತಿತು. ಅದೇ ಸಾಂಬ್ರಾಣಿಯ ಹುಳಿ. ತಾನು ಗಜಕರ್ಣದ ತುರಿಕೆಗೆ ಹಚ್ಚುವ ಮದ್ದೂ ಅದೇ ಎಂದು ಅರಮನೆಯ ಮುದಿವೈದ್ಯ ತಲೆದೂಗಿದ.

ದೊರೆ ಧಾರೆಯ ಮಾತೆತ್ತಿದರೆ ಸಿಂಗ ಅಡ್ಡಬಿದ್ದ. "ನನಗೆ ನಮ್ಮಣ್ಣನ ತಲೆ ಉಳಿಸಿಕೊಡಿ ಬುದ್ಧಿ, ಸಾಕು."

"ಮೂವರನ್ನೂ ಬಿಡಿಸಪ್ಪಾಜಿ," ಎಂದಳು ಕಂಚಲೆ. "ಅದು ಬಹುಮಾನವಲ್ಲ, ನಮ್ಮ ತಪ್ಪಿಗೆ ತಿದ್ದುಪಡಿ. ಬಹುಮಾನ ಆಮೇಲೆ. ಅವನು ಒಪ್ಪಿದರೆ."

ಒಪ್ಪದೆ ಇರುತ್ತಾನೆಯೇ? ಮುಂದಿನ ಹುಣ್ಣಿಮೆಗೆ ಮದುವೆಯಾಯಿತು. ಪಾಯಸ ತಿರುವುವ ಕೆಲಸ ಮುದ್ದನದು. ಸೌಟು ಹಿಡಿದವನು ಒಮ್ಮೆ ತನ್ನ ಕೊರಳು ಸವರಿಕೊಂಡ, ಆಮೇಲೆ ಮೆಲ್ಲಗೆ ತಿರುವಿದ.