ತಟ್ಟುಬಾಗಿಲು

ಕೋಡಿಹೊಳೆ ಸಮುದ್ರ ಸೇರುವಲ್ಲಿ, ದಡದ ಮೇಲೆ, ಚಿರೆಕಲ್ಲಿನ ಒಂದು ಕಟ್ಟಡವಿದೆ. ಮೊದಲು ಉಪ್ಪಿನ ಉಗ್ರಾಣ, ಆಮೇಲೆ ಯಹೂದಿಗಳ ಪ್ರಾರ್ಥನಾಮಂದಿರ, ಈಗ ಸಂರಕ್ಷಿತ ಸ್ಮಾರಕ. ಅಂದರೆ ಬೀಗ ಹಾಕಿದೆ. ಒಳಹೋಗುವುದು ಪೂರ್ವದಿಂದ, ಕಾವಲುಗಾರ ಇದ್ದರೆ. ಪಶ್ಚಿಮಕ್ಕೆ, ಹೊಳೆಯ ಕಡೆಗಿರುವ ಹಲಸಿನ ಹಳೆಯ ಬಾಗಿಲಿನ ಹಿಂದೆ ಗೋಡೆಯಿದೆ. ಊರವರು ಕಟ್ಟಡವನ್ನೂ ಸುತ್ತಲಿನ ಕೇರಿಯನ್ನೂ ತಟ್ಟುಬಾಗಿಲು ಎನ್ನುತ್ತಾರೆ. ಈ ಹೆಸರಿಗೆ ಇರುವ ಕಾರಣಗಳಲ್ಲಿ ಹೆಚ್ಚಿನವು ಪ್ರವಾಸಿಗರಿಗಾಗಿ ಹುಟ್ಟಿದವು. ಇದು ಕೊಂಚ ಹಳೆಯದು.

ಹಿಂದೆ ಒಮ್ಮೆ ಈ ಉಗ್ರಾಣ ದುಗ್ಗಮ್ಮ ಎಂಬಾಕೆಯದಾಗಿತ್ತು. ಆಕೆಯ ಗಂಡ ಆ ಬಾಗಿಲಿನಿಂದಲೇ ದೋಣಿ ಹತ್ತಿ ಹೋದವನು ಮರಳಲಿಲ್ಲ. ಮುಳುಗಿದ ಎನ್ನುತ್ತಾರೆ, ಬೇರೊಂದು ಬಂದರಿನಲ್ಲಿ ಬೇರೊಂದು ಸಂಸಾರ ಹೂಡಿದ ಎಂದೂ ಎನ್ನುತ್ತಾರೆ. ದುಗ್ಗಮ್ಮ ದಿನವೂ ಹೊಸ್ತಿಲಲ್ಲಿ ದೀಪವಿಟ್ಟು, ನಿದ್ದೆಗೆಟ್ಟು ಕಾದಳು. ವ್ಯಾಪಾರ ನಿಂತ ಮೇಲೆ ಉಗ್ರಾಣವನ್ನು ಗಾಣದ ಎಲೋಜಿಯ ಜನಕ್ಕೆ ಮಾರಿ, ಪಕ್ಕದ ಕೋಣೆಯಲ್ಲಿ ಉಳಿದಳು; ದೀಪದ ಎಣ್ಣೆ ಎಲೋಜಿಯ ಗಾಣದಿಂದ ಬರುತ್ತಿತ್ತು. ಅವರು ಯಹೂದಿಗಳು, ಶನಿವಾರ ಗಾಣ ಕಟ್ಟದವರು. ಪ್ರಾರ್ಥನೆಗೆ ನಿಲ್ಲುವುದು ಜೆರುಸಲೇಮಿನ ದಿಕ್ಕಿಗೆ, ಅಂದರೆ ಪಶ್ಚಿಮಕ್ಕೆ. ಗ್ರಂಥದ ಸುರುಳಿಗಳನ್ನಿಡುವ ಕಪಾಟು ಆ ಗೋಡೆಗೇ, ಬಾಗಿಲಿದ್ದಲ್ಲೇ ಬರಬೇಕು. ಬಾಗಿಲು ಮುಚ್ಚಿದರೆ ತನ್ನ ಗಂಡ ಬರುವುದೆಲ್ಲಿಂದ ಎಂದು ದುಗ್ಗಮ್ಮ ಹಟ ಹಿಡಿದಳು.

"ಹಲಗೆ ಹಾಗೇ ಇರಲಿ ಅಮ್ಮಾ, ಒಳಗಿನಿಂದ ಗೋಡೆ ಕಟ್ಟುತ್ತೇವೆ" ಎಂದ ಎಲೋಜಿ. "ಬಂದವರು ತಟ್ಟಲಿ. ನಾವು ಆ ಕಡೆಗೇ ಮುಖಮಾಡಿ ನಿಲ್ಲುವವರು. ಕೇಳದೆ ಇರುತ್ತದೆಯೇ?"

ಕೇಳಲಿಲ್ಲ. ಮೊದಲ ಶನಿವಾರದ ಪ್ರಾರ್ಥನೆಯ ನಡುವೆ ದುಗ್ಗಮ್ಮ ಪೂರ್ವದ ಹೊಸ ಬಾಗಿಲಲ್ಲಿ ಬಂದು ನಿಂತಳು. ಕೈಗೆಣ್ಣು ಕೆಂಪಾಗಿತ್ತು.

"ಇಷ್ಟು ಹೊತ್ತು ತಟ್ಟಿದೆ ಎಲೋಜಿ. ನಿಮ್ಮ ದೇವರಿಗಾದರೂ ಕೇಳಿತೋ?"

ಶನಿವಾರ ಉಳಿ ಮುಟ್ಟುವಂತಿಲ್ಲ. ಭಾನುವಾರ ಎಲೋಜಿ ಕಪಾಟು ಸರಿಸಿ, ಹೊಸ ಗೋಡೆಯಿಂದ ಒಂದು ಕಲ್ಲು ಕಿತ್ತು ತೆಗೆದನಂತೆ. ಮರುವಾರ, ಅಲುಗದೆ ಮಾತಾಡದೆ ನಿಂತು ಮಾಡುವ ಪ್ರಾರ್ಥನೆಯ ಹೊತ್ತಿಗೆ, ಬಾಗಿಲು ತಟ್ಟಿದ ಸದ್ದಾಯಿತು. ಎಲೋಜಿ ಪ್ರಾರ್ಥನೆ ಮುರಿದು ಕಟ್ಟಡ ಸುತ್ತಿ ಓಡಿಬಂದ. ಅಲ್ಲಿದ್ದವಳು ದುಗ್ಗಮ್ಮನೇ.

"ನಾಳೆಯಿಂದ ನನಗೆ ದೀಪದ ಎಣ್ಣೆ ಬೇಡ" ಎಂದು ಹೇಳಿ, ಹೋಗಿ ಮಲಗಿದಳಂತೆ.

ಗಂಡ ಬರಲಿಲ್ಲ. ಯಹೂದಿಗಳೂ ಒಬ್ಬೊಬ್ಬರಾಗಿ ಊರು ಬಿಟ್ಟರು, ಸುರುಳಿಗಳೂ ಹೋದವು. ಇದೆಲ್ಲ ನಡೆಯಿತೆನ್ನಲು ಆಧಾರವಿಲ್ಲ. ಕಪಾಟಿನ ಹಿಂದೆ, ನಿಂತವನ ಕಿವಿಯ ಎತ್ತರಕ್ಕೆ, ಒಂದು ಕಲ್ಲಿನಷ್ಟು ಕಿಂಡಿಯಂತೂ ಇದೆ. ಅಲ್ಲಿನ ಫಲಕ ಅದನ್ನು ಗಾಳಿಕಿಂಡಿ ಎನ್ನುತ್ತದೆ. ಒಂದು ಕಡೆ ಕಪಾಟು, ಇನ್ನೊಂದು ಕಡೆ ಹಲಸಿನ ಹಲಗೆ; ಗಾಳಿ ಎಲ್ಲಿಂದ ಬರಬೇಕೆಂದು ಫಲಕ ಬರೆದವರು ಹೇಳಿಲ್ಲ.